ಪುಟಾಣಿ ಕೇಳಿ ಫುಟಾಣೆ ತಂದವರು

ಪರದೇಶವಾಸವೆಂದೊಡನೆ ಸಮುದ್ರೋಲ್ಲಂಘನವನ್ನೂ ಹಿಮ ಸುರಿಯುವ ಬೀದಿಗಳನ್ನೂ ಕಲ್ಪಿಸಿಕೊಳ್ಳುವವರಿಗೆ, ಧಾರವಾಡದಿಂದ ಒಂದು ರಾತ್ರಿಯ ರೈಲುಪ್ರಯಾಣದಷ್ಟೇ ದೂರವಿರುವ ಪುಣೆಯೂ ಪರದೇಶವಾಗಬಲ್ಲುದೆಂಬ ಮಾತು ಅತಿಶಯೋಕ್ತಿಯಾಗಿ ತೋರೀತು. ನನಗೂ ಹಾಗೆಯೇ ತೋರಿತ್ತು. ಆದರೆ 1968ರ ಆಷಾಢದ ಒಂದು ಸಂಜೆ, ನೌಕರಿಗೆ ಸೇರಿದ ಎರಡನೆಯ ದಿನವೋ ಮೂರನೆಯ ದಿನವೋ, ಕೈಯಲ್ಲೊಂದು ಬಟ್ಟೆಚೀಲ ಹಿಡಿದು ನಾರಾಯಣ ಪೇಟೆಯ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮುಂದೆ ನಿಂತು, ಮರಾಠಿಯಲ್ಲಿಯೇ, ಅದೂ ನನ್ನ ಮಟ್ಟಿಗೆ ನಿರರ್ಗಳವಾದ ಮರಾಠಿಯಲ್ಲಿಯೇ, ಚಟ್ನಿಗೆಂದು ಪಾವ್ ಕಿಲೋ ಪುಟಾಣಿ ಕೇಳಿದ ನನಗೆ, ಅಂಗಡಿಯಾತ ಸಿಪ್ಪೆ ಸಹಿತ ಹುರಿದ ಇಡಿಗಡಲೆಯನ್ನು ತೂಗಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ದಾರ ಬಿಗಿದು ಕೈಗಿತ್ತಾಗ, ಊರು ಬಿಟ್ಟು ಬಂದಿರುವೆನೆಂಬ ಅರಿವು ಮೊತ್ತಮೊದಲು ಉಂಟಾಯಿತು. ಇದಲ್ಲ, ಪುಟಾಣಿ, ಎಂದೆ. ಹೌದು, ಫುಟಾಣೆಯೇ, ಎಂದ ಆತ. ಇಬ್ಬರೂ ಒಂದೇ ಶಬ್ದವನ್ನು ಎರಡು ಮೂರು ಸಲ ಒಬ್ಬರ ಮುಖಕ್ಕೊಬ್ಬರು ಎಸೆದುಕೊಂಡೆವು. ಆತನ ಮಹಾಪ್ರಾಣಕ್ಕೂ ನನ್ನ ಅಲ್ಪಪ್ರಾಣಕ್ಕೂ ಇದ್ದ ಅಂತರದಲ್ಲಿ ಆ ರಾತ್ರಿಯ ಚಟ್ನಿ ಲುಪ್ತವಾಯಿತು.

ನಮ್ಮ ಪುಟಾಣಿಗೆ, ಎಂದರೆ ಮೈಸೂರು ಸೀಮೆಯವರ ಹುರಿಗಡಲೆಗೆ, ಇಲ್ಲಿ ಡಾಳೇ ಎಂದು ಹೆಸರು. ಸಂಶಯಕ್ಕೆ ಎಡೆಯಿಲ್ಲದಂತೆ ಕೇಳಬೇಕಾದರೆ ಪಂಢರಪುರೀ ಡಾಳೇ ಎನ್ನಬೇಕು. ಇದು ತಿಳಿಯಲು ನನಗೆ ಕೆಲವು ವಾರಗಳೇ ಹಿಡಿದವು. ಅಷ್ಟರತನಕ ಒಂದೊಂದು ಕಡಲೆಯ ಸಿಪ್ಪೆಯನ್ನೂ ಉಜ್ಜಿ ತೆಗೆದು, ಊದಿ, ಚಟ್ನಿ ಅರೆದುಕೊಂಡೆನೇ ಹೊರತು, ಕೇಳಿದರೆ ಮರಾಠಿ ಬಾರದವನೆಂದಾರೆಂಬ ಅಭಿಮಾನದಿಂದ ಯಾರನ್ನೂ ಕೇಳಲಿಲ್ಲ.

ಆ ಅಭಿಮಾನಕ್ಕೆ ಒಂದು ಇತಿಹಾಸವುಂಟು. ನನ್ನ ತಂದೆಯ ಕಾಲದ ಧಾರವಾಡಿಗನಿಗೆ ಪುಣೆ ಪರಸ್ಥಳವಾಗಿತ್ತೇ ಹೊರತು ಪರರಾಜ್ಯವಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಉಚ್ಚ ವಿದ್ಯೆಯನ್ನು ಬಯಸಿದ ನಮ್ಮ ಕಡೆಯ ತರುಣರು ಗಂಟುಮೂಟೆ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೊರಡಬೇಕಾಗಿತ್ತು. ಬೇಂದ್ರೆಯವರು 1918ರಲ್ಲಿ ಬಿ.ಎ. ಪದವೀಧರರಾದದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ. ಮರಾಠಿಯೆಂದರೆ ನಮ್ಮ ಹಿರಿಯರಿಗೆ ಶಾಲೆಯ, ಕಚೇರಿಯ, ನಾಟಕದ ಭಾಷೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಬದಲಾದಾಗ, ಯಾರೊಬ್ಬರೂ ಮನೆ ಬಿಟ್ಟು ಕದಲದೆಯೇ, ಪುಣೆಯಲ್ಲಿದ್ದ ಧಾರವಾಡಿಗರೆಲ್ಲ ಪರರಾಜ್ಯವಾಸಿಗಳಾದರು. ಗೆರೆ ಬಿದ್ದದ್ದು ನಕಾಶೆಯ ಮೇಲೆ. ಅದು ಅಕ್ಕಿಯ ಚೀಲದ ಮೇಲೆಯೂ ಬಿದ್ದ ಬಗೆಯನ್ನು ಮುಂದೆ ಹೇಳುವೆನು.

ಮರುವರ್ಷ ನನ್ನ ಮದುವೆಯಾಯಿತು. ಮನೆಯಾಕೆ ಮೈಸೂರಿನವಳು, ಮರಾಠಿಯ ಒಂದಕ್ಷರವನ್ನೂ ಕೇಳಿ ಬೆಳೆದವಳಲ್ಲ. ಆಕೆಗೆ ಮಾರ್ಗದರ್ಶಕನಾಗಿ ಪೇಟೆ ತೋರಿಸುವ ಭಾರ ನನ್ನದೆಂದು ನಾನು ಬಹು ಗಂಭೀರವಾಗಿ ಭಾವಿಸಿದ್ದೆ. ಆದರೆ ಸ್ವಲ್ಪ ಕಾಲದಲ್ಲಿಯೇ ನಮ್ಮಿಬ್ಬರ ಪಾತ್ರಗಳು ಅದಲುಬದಲಾದವು. ಏನೂ ತಿಳಿಯದವಳಾದ್ದರಿಂದ ಆಕೆ ಯಾವುದನ್ನೂ ಊಹಿಸುತ್ತಿರಲಿಲ್ಲ. ಪದಾರ್ಥಕ್ಕೆ ಬೆರಳಿಟ್ಟು, ಇದರ ಹೆಸರೇನೆಂದು ಕೇಳಿ, ಮನೆಗೆ ಬಂದು ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಎರಡು ಸಾಲು ಮಾಡಿ ಬರೆದುಕೊಳ್ಳುತ್ತಿದ್ದಳು: ಸಬ್ಬಸಿಗೆಗೆ ಶೇಪೂ, ಹೀರೇಕಾಯಿಗೆ ದೋಡಕಾ, ಹಾಗಲಕಾಯಿಗೆ ಕಾರ್ಲೇ, ಹುಣಿಸೆಗೆ ಚಿಂಚ, ಬೆಣ್ಣೆಗೆ ಲೋಣೀ, ಉಪ್ಪಿನಕಾಯಿಗೆ ಲೋಣಚೇ. ನಾನೋ ಅರ್ಧ ಬಲ್ಲವನು; ಬಲ್ಲ ಅರ್ಧದಿಂದ ಬಾರದ ಅರ್ಧವನ್ನು ಊಹಿಸಿ ಪ್ರತಿಸಲವೂ ಮೋಸ ಹೋಗುತ್ತಿದ್ದೆ. ಪೂರ್ತಿ ಅಪರಿಚಿತವಾದ ಊರು ಮನುಷ್ಯನನ್ನು ಅಷ್ಟಾಗಿ ಕಾಡುವುದಿಲ್ಲ. ಅರ್ಧ ಪರಿಚಿತವಾದದ್ದು ಕಾಡುವಂತೆ. ಆಕೆಯೂ ಒಮ್ಮೆ ಜಾರಿದ್ದುಂಟು. ಹಿಂದೀ ಪ್ರಚಾರದ ಪರೀಕ್ಷೆಗಳನ್ನು ಪಾಸು ಮಾಡಿದ್ದ ಧೈರ್ಯದಿಂದ, ಪಾಯಸಕ್ಕೆಂದು ಏನಾದರೂ ಸಿಹಿ ಇದೆಯೇ ಎಂಬರ್ಥದಲ್ಲಿ ಅಂಗಡಿಯಲ್ಲಿ ಮೀಠಾ ಎಂದಳಂತೆ. ಮರಾಠಿಯಲ್ಲಿ ಮೀಠ್ ಎಂದರೆ ಉಪ್ಪು. ಒಂದು ಕಿಲೋ ಹರಳುಪ್ಪು ಮನೆಗೆ ಬಂದಿತು. ಆ ದಿನವೇ ಹಿಂದಿಯನ್ನು ಪೆಟ್ಟಿಗೆಗೆ ಹಾಕಿ ಬೀಗವಿಕ್ಕಿದಳು.

ಶನಿವಾರ ಸಂಜೆ ನಾವು ಹೋಗುತ್ತಿದ್ದುದು ಮಹಾತ್ಮಾ ಫುಲೆ ಮಂಡಈಗೆ. ಪೇಶವೆಯರ ಶನಿವಾರವಾಡೆಯ ಮುಂದಿನ ಬಯಲಿನಲ್ಲಿ ಕೂಡುತ್ತಿದ್ದ ಕಾಯಿಪಲ್ಲೆಯ ಪೇಟೆಯನ್ನು ಸೂರಿನಡಿ ತರಬೇಕೆಂದು ನಗರಸಭೆ ಕಟ್ಟಿಸಿ, 1886ರಲ್ಲಿ ತೆರೆದ ಕಲ್ಲಿನ ಕಟ್ಟಡವಿದು. ಎಂಟು ಮೂಲೆಯ ಎತ್ತರದ ಗೋಪುರವನ್ನು ನಡುವಿಟ್ಟುಕೊಂಡ ಈ ಕಟ್ಟಡಕ್ಕೆ ಅಂದಿನ ಗವರ್ನರ್ ಲಾರ್ಡ್ ರೇ ಸಾಹೇಬರ ಹೆಸರನ್ನಿಟ್ಟಿದ್ದರು. ಜ್ಯೋತಿಬಾ ಫುಲೆಯವರು ನಗರಸಭೆಯ ಸದಸ್ಯರಾಗಿದ್ದಾಗ, ಪೇಟೆಯ ಕಟ್ಟಡಕ್ಕೆ ಇಷ್ಟು ಹಣ ಸುರಿಯುವುದಕ್ಕಿಂತ ಬಡವರ ಮಕ್ಕಳ ವಿದ್ಯೆಗೆ ಅದನ್ನು ವಿನಿಯೋಗಿಸುವುದು ಲೇಸೆಂದು ವಿರೋಧಿಸಿದ್ದರು. ವಿರೋಧಿಸಿದವರ ಹೆಸರೇ ಕೊನೆಗೆ ಕಟ್ಟಡಕ್ಕೆ ಬಂದಿತು. ಅವರು ಜೀವಂತವಿದ್ದಿದ್ದರೆ ಈ ಗೌರವವನ್ನು ಒಪ್ಪುತ್ತಿದ್ದರೋ ಇಲ್ಲವೋ ಎಂದು ನಾನು ಪ್ರತಿಸಲವೂ ಮೆಟ್ಟಿಲ ಬಳಿ ಒಂದು ಕ್ಷಣ ಯೋಚಿಸುವುದು, ಅಷ್ಟರಲ್ಲಿ ಮನೆಯಾಕೆ ಚೀಲ ಸಹಿತ ಒಳಗೆ ಮಾಯವಾಗಿರುವುದು, ವಾಡಿಕೆಯಾಗಿತ್ತು.

ಒಳಗೆ ಸಾಲುಸಾಲಾಗಿ ಎತ್ತರದ ಗಾಳೆಗಳು. ಅವುಗಳ ಮೇಲೆ, ಕಾಯಿಪಲ್ಲೆಯ ರಾಶಿಗಳ ನಡುವೆ, ಕಚ್ಚೆಸೀರೆಯ ಹೆಂಗಸರು ಗದ್ದುಗೆಯೇರಿದಂತೆ ಕುಳಿತಿರುವರು. ಕೊಳ್ಳುವವನು ಕೆಳಗೆ ನಿಂತು ಕತ್ತೆತ್ತಿ ಕೇಳಬೇಕು. ಈ ಭಂಗಿಯಲ್ಲಿ ಚೌಕಾಸಿ ಮಾಡುವುದು ಎಷ್ಟು ಕಠಿಣವೆಂಬುದು ಅನುಭವಿಸಿದವರಿಗೇ ವೇದ್ಯ. ಅಂಥ ಒಬ್ಬಾಕೆಯ ಮುಂದೆ ನಿಂತು ನಾನು ಚವಳಿಕಾಯಿ ಕೇಳಿದೆ. ಧಾರವಾಡದ ಕಡೆ ಚವಳಿಕಾಯಿಯೆಂದರೆ ಬೇರೆಯವರು ಗೋರಿಕಾಯಿ ಎನ್ನುವ, ಗೊಂಚಲು ಗೊಂಚಲಾಗಿ ಬಿಡುವ, ಸ್ವಲ್ಪ ಕಹಿಯಾದ ಚಪ್ಪಟೆ ಕಾಯಿ. ಆಕೆ ಮೊಳದುದ್ದದ ಅಲಸಂದಿ ಕಾಯಿಗಳನ್ನು ತೂಕಕ್ಕೆ ಹಾಕಿದಳು. ಮರಾಠಿಯ ಚವಳೀ ಅದು. ನನಗೆ ಬೇಕಾದದ್ದು ಗವಾರ್. ಇದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಹಿಂದೆ ನಾಲ್ವರು ಗಿರಾಕಿಗಳು ಗೊಣಗುತ್ತಿದ್ದರು. ಸುಮ್ಮನಿರಲಾರದೆ, ಶೇಂಗಾ ಇದೆಯೇ ಎಂದೆ. ಯಾವ ಶೇಂಗಾ, ಎಂದಳು. ಶೇಂಗಾದಲ್ಲಿ ಯಾವ ಶೇಂಗಾ ಎಂದರೇನು? ನಮಗೆ ಶೇಂಗಾ ಎಂದರೆ ನೆಲಗಡಲೆ. ಇವರಿಗೆ ಕೋಡಿನಲ್ಲಿ ಬಿಡುವ ಸಮಸ್ತವೂ ಶೇಂಗಾ. ನುಗ್ಗೆಯದೂ ಶೇಂಗಾ, ಅವರೆಯದೂ ಶೇಂಗಾ. ನೆಲದಡಿಯದು ಬೇಕಾದರೆ ಭುಯಿಮುಗಾಚ್ಯಾ ಶೇಂಗಾ ಎನ್ನಬೇಕು, ಸುಲಿದ ಕಾಳು ಬೇಕಾದರೆ ಕಿರಾಣಿ ಅಂಗಡಿಗೆ ಹೋಗಿ ಶೇಂಗದಾಣೆ ಎನ್ನಬೇಕು. ನಮ್ಮವರು ಜಾತಿವಾಚಕವನ್ನು ಎರವಲು ತಂದು ಒಂದೇ ಕಾಳಿಗೆ ಕಟ್ಟಿಹಾಕಿದ್ದಾರೆ. “ನೀವ್ ಸ್ವಲ್ಪ ಈ ಕಡೆ ನಿಂತ್ಕೊಳ್ರೀ,” ಎಂದು ಮನೆಯಾಕೆ ನನ್ನನ್ನು ಕಂಬದ ಬದಿಗೆ ಸರಿಸಿ, ಮೇಲೆ ಕುಳಿತವಳನ್ನು “ಮಾವಶೀ” ಎಂದು ಕರೆದು, ಗವಾರನ್ನೂ ಒಂದು ಜುಡಿ ಮೆಂತ್ಯವನ್ನೂ, ಅದರ ಮೇಲೆ ಪುಕ್ಕಟೆಯಾಗಿ ನಾಲ್ಕು ಕಡ್ಡಿ ಕರಿಬೇವನ್ನೂ ಪಡೆದು ಹೊರಟಳು.

ಇನ್ನು ಅಕ್ಕಿಯ ಮಾತು. ಆ ಕಾಲದಲ್ಲಿ ದೇಶವನ್ನು ಆಹಾರವಲಯಗಳಾಗಿ ವಿಭಾಗಿಸಿದ್ದರು. ಒಂದು ರಾಜ್ಯದ ಅಕ್ಕಿ ಸರ್ಕಾರದ ಪರವಾನಗಿಯಿಲ್ಲದೆ ಇನ್ನೊಂದು ರಾಜ್ಯಕ್ಕೆ ಸಾಗುವಂತಿರಲಿಲ್ಲ. 1964ರ ವೇಳೆಗೆ ಬಿಗಿಯಾದ ಈ ಕಟ್ಟಳೆ ತೊಲಗಿದ್ದು 1977ರಲ್ಲಿ, ಜನತಾ ಸರ್ಕಾರ ಬಂದ ಮೇಲೆ. ಮನುಷ್ಯರು ಬೆಂಗಳೂರಿನಿಂದ ಪುಣೆಗೆ ತಿಕೀಟು ಕೊಂಡು ನಿರಾತಂಕವಾಗಿ ಬರಬಹುದು, ಅವರು ಉಣ್ಣುವ ಅಕ್ಕಿ ಬರುವಂತಿಲ್ಲ: ಸಮುದ್ರದಾಚೆಯ ಬಂದರುಗಳಲ್ಲಿ ಪೆಟ್ಟಿಗೆ ಬಿಚ್ಚಿಸಿ ಉಪ್ಪಿನಕಾಯಿಯ ಭರಣಿಯನ್ನು ಮೂಸಿ ನೋಡುವ ಸುಂಕದವರ ಕಥೆಗಳನ್ನು ಇಂದಿನ ಮಕ್ಕಳು ಹೇಳುವಾಗ ನನಗೆ ನೆನಪಾಗುವುದು ನಮ್ಮ ಅತ್ತೆಯವರ ಹೋಲ್ಡಾಲು. ಮಗಳ ಬಾಣಂತನಕ್ಕೆಂದು ಬಂದ ಆ ಸಾಧ್ವಿ, ಜೀವಮಾನದಲ್ಲಿ ಒಂದು ಸುಳ್ಳಾಡದವರು, ಜಮಖಾನೆಗೂ ಕಂಬಳಿಗೂ ನಡುವೆ ಸಣ್ಣಕ್ಕಿಯನ್ನು ತೆಳ್ಳಗೆ ಹರಡಿ ಹೊಲಿದು, ಮೀಟರ್‌ಗೇಜ್ ಗಾಡಿಯಲ್ಲಿ ಅದರ ಮೇಲೆಯೇ ಮಲಗಿಕೊಂಡು, ರಾಮನಾಮ ಜಪಿಸುತ್ತ ಗಡಿ ದಾಟಿದರು. ಆ ಅಕ್ಕಿಯ ಅನ್ನಕ್ಕೆ ಕಂಬಳಿಯ ವಾಸನೆಯಿತ್ತೆಂದು ನಾನು ಹೇಳಿದ್ದು ಇದೇ ಮೊದಲು.

ಪುಣೆಯ ಸ್ವಂತದ ಅಕ್ಕಿಯೇನೂ ಸಾಮಾನ್ಯವಲ್ಲ. ಮುಳಶಿಯ ಕಡೆಯ ಆಂಬೇಮೋಹರ, ಹೆಸರೇ ಹೇಳುವಂತೆ, ಕುದಿಯುವಾಗ ಮಾವಿನ ಹೂವಿನ ಪರಿಮಳವನ್ನು ಮನೆಯಲ್ಲೆಲ್ಲ ಬೀರುವುದು. 1980ರ ದಶಕದಲ್ಲಿ ಮಾವಳದ ವಡಗಾಂವ ಸಂಶೋಧನ ಕೇಂದ್ರದಿಂದ ಹೊರಬಂದ ಇಂದ್ರಾಯಣಿ ಅದರ ಸಂಕರಸಂತಾನ. ಎರಡೂ ಬೆಂದರೆ ಮೆತ್ತಗೆ, ಅಗುಳಿಗೆ ಅಗುಳು ಅಂಟಿಕೊಂಡು ಕುಳ್ಳಿರುವ ಸ್ವಭಾವದವು. ವರಣಕ್ಕೂ ತುಪ್ಪಕ್ಕೂ ಅದೇ ಗುಣ. ಚಿತ್ರಾನ್ನಕ್ಕೆ ಅದೇ ದೋಷ. ಅನ್ನವನ್ನು ಹರಿವಾಣದಲ್ಲಿ ಹರಡಿ ಎಣ್ಣೆ ಸವರಿ ಬೀಸಣಿಗೆಯಿಂದ ಬೀಸುತ್ತ, ಬಿಡಿಬಿಡಿಯಾಗದ ಆ ಅಗುಳುಗಳನ್ನು ಮನೆಯಾಕೆ ನೋಡುತ್ತಿದ್ದ ನೋಟ ಇನ್ನೂ ನೆನಪಿದೆ. ಬಿಸಿಬೇಳೆ ಹುಳಿಯನ್ನಕ್ಕೆ ಮಾತ್ರ ಇಂದ್ರಾಯಣಿಯ ಸಮ ಇನ್ನೊಂದಿಲ್ಲವೆಂದು ಆಕೆಯೇ ಮುಂದೆ ತೀರ್ಪು ಕೊಟ್ಟಳು. ಮೈಸೂರಿನ ತಂಗಿಯರು ಅದನ್ನು ಇಂದಿಗೂ ನಂಬುವುದಿಲ್ಲ.

ರಾಗಿಯನ್ನು ಹುಡುಕಿದ ಕಥೆ ಕಿರಿದು. ನಾಚಣೀ ಎಂಬ ಹೆಸರಿನಿಂದ ಅದು ಎದುರಿನ ಅಂಗಡಿಯಲ್ಲಿಯೇ ಇತ್ತು. ಕೂಸುಗಳಿಗೆ, ರೋಗಿಗಳಿಗೆ ಅಂಬಲಿ ಮಾಡುವ ಪದಾರ್ಥವಾದ್ದರಿಂದ, ನಾವು ಐದು ಕಿಲೋ ಕೇಳಿದಾಗ ಅಂಗಡಿಯಾತ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ಕಳಕಳಿಯಿಂದ ವಿಚಾರಿಸಿದ. ಜೋಳದ ವಿಷಯದಲ್ಲಿ ಮಾತ್ರ ನಾನೇ ಗೆದ್ದೆ. ಜೋಳವೆಂದರೆ ಮುಸುಕಿನ ಜೋಳವೆಂದೇ ತಿಳಿದಿದ್ದವಳಿಗೆ, ಸೋಲಾಪುರದ ಮೋಹೋಳದಲ್ಲಿ ಆಯ್ದು ರೂಢಿಸಿದ ಮಾಲದಂಡಿ ತಳಿಯ ಬಿಳಿಜೋಳವನ್ನು, ನಮ್ಮ ವಿಜಾಪುರದ ಎರೆಹೊಲಗಳಲ್ಲಿಯೂ ಹಿಂಗಾರಿಯಲ್ಲಿ ತೂಗುವ ಅದೇ ಮುತ್ತಿನಂಥ ಕಾಳನ್ನು, ಅಂಗೈಯಲ್ಲಿಟ್ಟು ತೋರಿಸಿ, ಗಿರಣಿಗೆ ಒಯ್ದು ಬೀಸಿಸಿ ತಂದೆ. ಆದರೆ 1972ರ ಬರಗಾಲ ಬಂದಾಗ ಆ ಗೆಲವೂ ಉಳಿಯಲಿಲ್ಲ. ರೇಶನ್ ಅಂಗಡಿಯಲ್ಲಿ ದೊರೆತದ್ದು ಅಮೆರಿಕದಿಂದ ಹಡಗಿನಲ್ಲಿ ಬಂದ ಮಿಲೋ ಎಂಬ ಕೆಂಪು ಜೋಳ. ತಟ್ಟಿದರೆ ಹರಿಯುತ್ತಿತ್ತು, ಬೇಯಿಸಿದರೆ ಹಲಗೆಯಾಗುತ್ತಿತ್ತು. ಆ ರೊಟ್ಟಿಯ ಮುಂದೆ ಪುಣೆಯವರೂ ನಾವೂ ಸಮಾನವಾಗಿ ಪರದೇಶಿಗಳಾಗಿದ್ದೆವು. ನಾವಿದ್ದ ವಾಡೆಯ ಹೆಂಗಸರು ಅದಕ್ಕೆ ಉದ್ದಿನ ಹಿಟ್ಟು ಬೆರೆಸಬೇಕೋ ಗೋಧಿಯ ಹಿಟ್ಟು ಬೆರೆಸಬೇಕೋ ಎಂದು ಸಾಮುದಾಯಿಕ ನಲ್ಲಿಯ ಬಳಿ ಚರ್ಚಿಸುವಾಗ ಮನೆಯಾಕೆಯ ಅಭಿಪ್ರಾಯಕ್ಕೂ ಬೆಲೆಯಿತ್ತು; ಆಕೆಯನ್ನು ಅಲ್ಲಿ ವಹಿನೀ ಎಂದು ಕರೆಯತೊಡಗಿದ್ದು ಆ ವರ್ಷವೇ.

ಮಸಾಲೆಯ ಅಂಗಡಿಯಲ್ಲಿ ನನಗೆ ಊರಿಗೆ ಹೋದಂತಾಗುತ್ತಿತ್ತು. ಸಾಲಾಗಿ ತೆರೆದಿಟ್ಟ ಗೋಣಿಗಳ ಮೇಲೆ ಚೀಟಿಗಳು: ಬ್ಯಾಡಗೀ, ಸಂಕೇಶ್ವರೀ, ಗುಂಟೂರ್, ಲವಂಗೀ. ಹಾವೇರಿಯ ಬ್ಯಾಡಗಿಯೂ ಬೆಳಗಾವಿ ಜಿಲ್ಲೆಯ ಸಂಕೇಶ್ವರವೂ ಇಲ್ಲಿ ಊರುಗಳಲ್ಲ, ಗುಣಗಳು. ಒಂದು ಬಣ್ಣಕ್ಕೆ, ಇನ್ನೊಂದು ಖಾರಕ್ಕೆ. ಬ್ಯಾಡಗಿ ಎಂಬುದೊಂದು ಊರೆಂದೂ, ನಾನು ಅಲ್ಲಿ ರೈಲು ಇಳಿದು ಬೀಗರ ಮನೆಗೆ ಹೋಗಿದ್ದೆನೆಂದೂ ಹೇಳಿದಾಗ ಅಂಗಡಿಯ ಮುದುಕ ನನ್ನನ್ನು ಕೊಂಚ ಅಪನಂಬಿಕೆಯಿಂದ ನೋಡಿ, ಅಲ್ಲಿಯ ಮನುಷ್ಯರೂ ಕೆಂಪಗಿರುವರೇ ಎಂದು ಕೇಳಿದ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಸುದ್ದಿಯನ್ನು ಓದಿದಾಗ ಅವನಿಗೆ ತೋರಿಸಬೇಕೆನಿಸಿತು. ಅಷ್ಟರಲ್ಲಿ ಅಂಗಡಿಯಲ್ಲಿ ಅವನ ಮೊಮ್ಮಗನಿದ್ದ.

ಪಾತ್ರೆಪಡಗಗಳಿಗೆ ತುಳಶೀಬಾಗ. ಪೇಶವೆಯರ ಸರದಾರರಾಗಿದ್ದ ನಾರೋ ಅಪ್ಪಾಜಿ ಖಿರೆಯವರು 1761ರಲ್ಲಿ ಕಟ್ಟಿಸಲು ಆರಂಭಿಸಿದ ರಾಮಮಂದಿರದ ಸುತ್ತ ಹೆಂಗಸರಿಗೆ ಬೇಕಾದ ಸಮಸ್ತವೂ ಹಬ್ಬಿಕೊಂಡ ಸಂದಿಗಳಿವು. ದೇವರ ಮನೆಯ ಹಿತ್ತಾಳೆ ನೀಲಾಂಜನದಿಂದ ಮಕ್ಕಳಾಟದ ಪುಟ್ಟ ಅಡುಗೆಯ ಸಾಮಾನಿನ ತನಕ. ಪಡ್ಡು, ಗುಳಿಯಪ್ಪ, ಗುಂತಪೊಂಗಲು ಎಂದು ಕನ್ನಡದಲ್ಲಿಯೇ ಊರಿಗೊಂದು ಹೆಸರುಳ್ಳ ತಿಂಡಿಯ ಗುಳಿಹಂಚು ಇಲ್ಲಿ ಆಪ್ಪೇಪಾತ್ರ ಎಂಬ ನಾಮಾಂತರದಿಂದ ಸಿಕ್ಕಿತು. ಚಕ್ಕುಲಿಯ ಒರಳಿಗೆ ಸೋರ್ಯಾ ಎಂದರು. ಅಡಕತ್ತಿಯನ್ನು ಏನೆಂದು ಕೇಳುವುದೆಂದು ನಾನು 'ಅಡಕೆ, ಕತ್ತರಿಸುವುದು' ಎಂದು ಕೈಸನ್ನೆ ಮಾಡುತ್ತಿರಲು, “ಅಡಕಿತ್ತಾ?” ಎಂದು ಅಂಗಡಿಯವನು ಎತ್ತಿಕೊಟ್ಟ. ನಮ್ಮ ತುಪ್ಪ ಅವರ ತೂಪ್ ಆದಂತೆ ಇದೂ ನಮ್ಮದೇ ಶಬ್ದ, ಗಡಿ ದಾಟಿ ವೇಷ ಬದಲಿಸಿದ್ದು. ಮರಾಠೀ ಸಂಸ್ಕೃತಿಯ ಬುಡದಲ್ಲಿರುವ ಕನ್ನಡದ ಬೇರುಗಳನ್ನು ಕುರಿತು ಧಾರವಾಡದ ಶಂ. ಬಾ. ಜೋಶಿಯವರು ಮರಾಠಿಯಲ್ಲಿಯೇ ಗ್ರಂಥ ಬರೆದು ವಾದಿಸಿದ್ದನ್ನು ನಾನು ಓದಿದ್ದೆ; ಆದರೆ ವಾದವನ್ನು ಓದುವುದು ಬೇರೆ, ಆರು ರೂಪಾಯಿಗೆ ಕೊಂಡು ಚೀಲಕ್ಕೆ ಹಾಕಿಕೊಳ್ಳುವುದು ಬೇರೆ.

ಪುಣೆಯ ವ್ಯಾಪಾರಿಯ ವಿಷಯದಲ್ಲಿ ನಾನು ಹೊಸದಾಗಿ ಹೇಳತಕ್ಕದ್ದೇನೂ ಇಲ್ಲ. ಕಾರವಾರದ ತಾಯ್ವಂಶದವರೂ, ಬೆಳಗಾವಿಯ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರೂ ಆಗಿದ್ದ ಪು. ಲ. ದೇಶಪಾಂಡೆಯವರು ಆತನ ಔದಾಸೀನ್ಯವನ್ನು ಮರಾಠಿಗರೇ ಹೊಟ್ಟೆ ಹಿಡಿದು ನಗುವಂತೆ ಚಿತ್ರಿಸಿದ್ದಾರೆ. ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕಿ ನಿದ್ರಿಸುವುದು ಆ ಕಾಲದ ಪೇಠೆಗಳಲ್ಲಿ ಧರ್ಮವೇ ಆಗಿತ್ತು. ನನಗೆ ಮಾತ್ರ ಆ ನಿದ್ರೆಯ ಮೇಲೆ ಅಸೂಯೆಯೇ ಹೊರತು ಸಿಟ್ಟಿಲ್ಲ; ನಮ್ಮ ಧಾರವಾಡದಲ್ಲಿಯೂ ಮಧ್ಯಾಹ್ನ ಮಲಗುವವರಿಗೇನು ಕಡಮೆಯಿರಲಿಲ್ಲ.

ಕಾಫಿಪುಡಿಗಾಗಿ ತಿಂಗಳಿಗೊಮ್ಮೆ ತಮಿಳರು ಬಹುಕಾಲದಿಂದ ನೆಲೆಸಿರುವ ರಾಸ್ತಾ ಪೇಟೆಗೆ ಸೈಕಲ್ ತುಳಿಯಬೇಕಾಗುತ್ತಿತ್ತು. ಚಹಾದ ಈ ಊರಿನಲ್ಲಿ, ಅಮೃತತುಲ್ಯವೆಂದು ತನ್ನನ್ನು ತಾನೇ ಹೊಗಳಿಕೊಳ್ಳುವ ಚಹಾದಂಗಡಿಗಳ ನಡುವೆ, ಚಿಕೋರಿ ಬೆರೆಸಿದ ಪುಡಿಯ ಬಿಸಿ ಪೊಟ್ಟಣವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬರುವಾಗ ದಾರಿಹೋಕರು ತಿರುಗಿ ನೋಡುತ್ತಿದ್ದರು. ನಮ್ಮ ಕರಾವಳಿಯವರು ಈ ಕಷ್ಟವನ್ನು ಬೇರೆ ರೀತಿಯಿಂದ ಪರಿಹರಿಸಿದರು: ಹುಡುಕುವುದನ್ನು ಬಿಟ್ಟು ತಾವೇ ಬಡಿಸಲು ತೊಡಗಿದರು. 2023ರಲ್ಲಿ ಗತಿಸಿದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಬೆಳೆಸಿದ ವೈಶಾಲಿಯ ಮುಂದೆ ಭಾನುವಾರ ಬೆಳಿಗ್ಗೆ ಸರದಿಗಾಗಿ ಕಾದು ನಿಂತವರಲ್ಲಿ, ಇಡ್ಲಿ ತಮ್ಮ ಊರಿನದಲ್ಲವೆಂದು ನೆನೆಯುವ ಪುಣೇಕರನೊಬ್ಬನೂ ಇರಲಾರ.

ಈಗ ನಮ್ಮ ಮೊಮ್ಮಗಳು, ವಾಕಡದ ಹದಿನಾಲ್ಕನೆಯ ಮಹಡಿಯಲ್ಲಿರುವವಳು, ಫೋನಿನ ಮೇಲೆ ಬೆರಳಾಡಿಸಿ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ತರಿಸುತ್ತಾಳೆ. ಪಟ್ಟಿಯಲ್ಲಿ ಪದಾರ್ಥದ ಚಿತ್ರವಿರುವುದರಿಂದ ಹೆಸರಿನ ಅಗತ್ಯವೇ ಇಲ್ಲ. ಪುಟಾಣಿಯ ಚಿತ್ರ ಒತ್ತಿದರೆ ಪುಟಾಣಿಯೇ ಬರುವುದು, ಸಿಪ್ಪೆಯಿಲ್ಲದ್ದು, ಆರಿಸಿ ತೆಗೆದದ್ದು. ಅಜ್ಜಿಯ ಲೆಕ್ಕದ ಪುಸ್ತಕವನ್ನು ಅವಳಿಗೆ ತೋರಿಸಿದಾಗ, ಎಣ್ಣೆಯ ಕಲೆ ಬಿದ್ದ ಆ ಎರಡು ಸಾಲುಗಳನ್ನು ಓದಿ, ಎಡಗಡೆಯ ಹೆಸರುಗಳಲ್ಲಿ ಅರ್ಧ ಗೊತ್ತಿಲ್ಲವೆಂದಳು. ಎಡಗಡೆಯದು ಕನ್ನಡ.

ಹೋದ ವರ್ಷ ದೀಪಾವಳಿಗೆ ಧಾರವಾಡಕ್ಕೆ ಹೋದಾಗ, ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆಯವಳ ಮುಂದೆ ಕುಕ್ಕರಿಸಿ, ಅರ್ಧ ಕಿಲೋ ಚವಳಿಕಾಯಿ ಹಾಕೆಂದು ಹೇಳಿ ಮನೆಯಾಕೆಯ ಕಡೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ತಕ್ಕಡಿಯಲ್ಲಿ ಗೋರಿಕಾಯಿಯ ರಾಶಿ.

“ಇದಲ್ಲವಾ, ಚವಳಿ ಹಾಕು. ಆ ಉದ್ದನ್ನವು,” ಎಂದೆ.

ಆಕೆ ತಕ್ಕಡಿಯನ್ನು ಹಾಗೆಯೇ ಎತ್ತಿ ಹಿಡಿದು, “ಅವು ಅಲಸಂದಿ ಕಾಯಿ ಅಲ್ಲೇನ್ರೀ ಅಜ್ಜಾರ? ಚವಳಿಕಾಯಿ ಅಂದ್ರ ಇವ. ಯಾವೂರವ್ರ್ರೀ ನೀವು?” ಎಂದಳು.

ಹಿಂದೆ ನಿಂತಿದ್ದ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡನ್ನೂ ಅರ್ಧರ್ಧ ಕಿಲೋ ಹಾಕಿಬಿಡು ಎಂದೆ.